ಯಂತ್ರಮಾನವನಲ್ಲ, ಯಂತ್ರದ ತೋಳು

(ಸಿರುಗುಪ್ಪದ ಯುವಕರ ಸಭೆಯಲ್ಲಿ ಬಳ್ಳಾರಿಯ ಮುದ್ರಣಾಲಯವೊಂದರ ಮಾಲೀಕರು ಆಡಿದ ಮಾತಿನ ಬರಹ ರೂಪ)



ಆಪರೇಶನ್ ಬಗ್ಗೆ ಮಾತಾಡೋದಕ್ಕೆ ಪ್ರೆಸ್ಸಿನವನನ್ನು ಯಾಕೆ ಕರೆದಿದ್ದಾರೆ ಅಂತ ನಿಮ್ಮಲ್ಲಿ ಕೆಲವರು ಗುಸುಗುಸು ಅಂತಿದ್ದೀರಿ. ನ್ಯಾಯವಾದ ಪ್ರಶ್ನೆ. ನಾನು ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಷಿನ್ ಮುಂದೆ ನಿಂತವನು. ಕತ್ತರಿ ಹಿಡಿದಿದ್ದು ಕಾಗದ ಕತ್ತರಿಸೋದಕ್ಕೆ ಮಾತ್ರ. ಆದರೆ ಇಪ್ಪತ್ತು ವರ್ಷದಿಂದ ಬಳ್ಳಾರಿಯ ಆಸ್ಪತ್ರೆಗಳ ಚೀಟಿ, ಕೇಸ್ ಶೀಟು, ಬಿಲ್ ಬುಕ್ಕು, ಒಪ್ಪಿಗೆ ಪತ್ರ ಎಲ್ಲ ನನ್ನ ಕೈಯಿಂದಲೇ ದಾಟಿ ಹೋಗಿವೆ. ರೋಗಿ ಎಲ್ಲಿ ಸಹಿ ಹಾಕುತ್ತಾನೆ, ಯಾವುದಕ್ಕೆ ಹಾಕುತ್ತಾನೆ ಅನ್ನೋದು ನನಗೆ ಅಕ್ಷರ ಅಕ್ಷರವಾಗಿ ಗೊತ್ತು. ಆ ಹಕ್ಕಿನಿಂದ ಮಾತಾಡುತ್ತಿದ್ದೇನೆ.

ಈಗ ಪತ್ರಿಕೆ ತೆಗೆದರೆ ಒಂದು ಜಾಹೀರಾತು ಇದ್ದೇ ಇರುತ್ತದೆ. 'ರೋಬೋಟ್‌ನಿಂದ ಶ್ವಾಸಕೋಶದ ಶಸ್ತ್ರಚಿಕಿತ್ಸೆ'. ನಮ್ಮ ಕನ್ನಡ ಪತ್ರಿಕೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಯಂತ್ರಮಾನವನಿಂದ ಯಶಸ್ವಿ ಚಿಕಿತ್ಸೆ' ಅಂತ ತಲೆಬರಹ ಕೊಡುತ್ತವೆ. ಇದನ್ನು ಓದಿದ ಕುರುಗೋಡಿನ ರೈತನ ಕಣ್ಣಿಗೆ ಏನು ಬರುತ್ತದೆ? ರಜನೀಕಾಂತ್ ಸಿನಿಮಾ ಬರುತ್ತದೆ. ತಗಡಿನ ಮನುಷ್ಯನೊಬ್ಬ ಚಾಕು ಹಿಡಿದು ಎದೆ ಮೇಲೆ ಬಗ್ಗಿದ್ದಾನೆ, ಡಾಕ್ಟರು ಹೊರಗೆ ಕಾಫಿ ಕುಡೀತಿದ್ದಾರೆ!

ಅಲ್ಲಿ ಮಾನವನೂ ಇಲ್ಲ, ಸ್ವಂತ ಬುದ್ಧಿಯ ಯಂತ್ರವೂ ಇಲ್ಲ. ರೋಬೋಟ್ ಅನ್ನೋ ಪದ ಎಲ್ಲಿಂದ ಬಂತು ಕೇಳಿ. ಚೆಕ್ ಭಾಷೆಯ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ ಅದನ್ನು ಮೊದಲು ಬಳಸಿದ. ಪದ ಸೂಚಿಸಿದವನು ಅವನ ಅಣ್ಣ ಜೋಸೆಫ್. ಅವರ ಭಾಷೆಯಲ್ಲಿ 'ರೊಬೊಟಾ' ಅಂದರೆ ಜಮೀನ್ದಾರನಿಗೆ ಕೂಲಿ ಇಲ್ಲದೆ ಮಾಡಬೇಕಾದ ದುಡಿಮೆ. ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ಒಂದು ಕೋಟಿ ಜನ ಆಡುವ ಸಣ್ಣ ಭಾಷೆ ತನ್ನ ಹಳ್ಳಿಯ ಮಾತೊಂದನ್ನು ಇಡೀ ಜಗತ್ತಿಗೆ ಕೊಟ್ಟಿತು. ಆರು ಕೋಟಿ ದಾಟಿದ ನಾವು ಒಂದು ಒಪ್ಪಿಗೆ ಪತ್ರವನ್ನು ನಮ್ಮ ಭಾಷೆಯಲ್ಲಿ ಅಚ್ಚು ಹಾಕಿಸಲಾರದೆ ಕೂತಿದ್ದೇವೆ.

ಇರಲಿ, ಯಂತ್ರ ಹೇಗೆ ಕೆಲಸ ಮಾಡುತ್ತದೆ ಅದನ್ನು ಮೊದಲು ಹೇಳುತ್ತೇನೆ.

ನಮ್ಮ ಎದೆ ಅಂದರೆ ಪಕ್ಕೆಲುಬಿನ ಪಂಜರ. ಒಳಗೆ ಬಲಗಡೆ ಶ್ವಾಸಕೋಶಕ್ಕೆ ಮೂರು ಹೋಳು, ಎಡಗಡೆಗೆ ಎರಡು. ಹೃದಯಕ್ಕೆ ಜಾಗ ಬೇಕಲ್ಲ, ಅದಕ್ಕೆ ಎಡಕ್ಕೆ ಒಂದು ಕಡಿಮೆ. ಒಂದು ಹೋಳಿನಲ್ಲಿ ಗಡ್ಡೆ ಆದರೆ, ಅದು ಬೇರೆ ಕಡೆ ಹಬ್ಬದಿದ್ದರೆ, ಆ ಹೋಳನ್ನೇ ತೆಗೆದುಬಿಡುವುದು ಮುಖ್ಯ ಚಿಕಿತ್ಸೆ. ಹಳೇ ಪದ್ಧತಿಯಲ್ಲಿ ಬೆನ್ನಿನಿಂದ ಪಕ್ಕೆಯವರೆಗೆ ಉದ್ದಕ್ಕೆ ಕೊಯ್ದು, ಎರಡು ಪಕ್ಕೆಲುಬಿನ ನಡುವೆ ಕಬ್ಬಿಣದ ಅಗಲಕ ಇಟ್ಟು ತಿರುಪಿ, ದಾರಿ ಮಾಡಿಕೊಂಡು ಕೈ ಹಾಕುತ್ತಾರೆ. ಜೀವ ಉಳಿಯುತ್ತದೆ, ನೋವು ಮಾತ್ರ ತಿಂಗಳುಗಟ್ಟಲೆ. ಕೆಲವರಿಗೆ ವರ್ಷ ಕಳೆದರೂ ಆ ಪಕ್ಕೆ ಉರಿ ಹೋಗುವುದಿಲ್ಲ. ಮೂಟೆ ಹೊರುವವನು, ನಾಟಿ ಹಾಕುವವಳು ಮತ್ತೆ ಕೆಲಸಕ್ಕೆ ಹೋಗೋದು ಯಾವಾಗ?

1990ರ ದಶಕದ ಶುರುವಿನಲ್ಲಿ ಎದೆಗೂ ಕ್ಯಾಮೆರಾ ಪದ್ಧತಿ ಬಂತು. ನಮ್ಮ ಜನ 'ಹೋಲ್ ಹಾಕಿ ಮಾಡೋ ಆಪರೇಶನ್' ಅಂತಾರಲ್ಲ, ಅದೇ. ಎರಡು ಮೂರು ತೂತು, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಸಲಕರಣೆ. ಪಕ್ಕೆಲುಬು ಅಗಲಿಸುವ ಕೆಲಸವಿಲ್ಲ. ತೊಡಕು ಏನೆಂದರೆ ಆ ಸಲಕರಣೆ ನೆಟ್ಟಗಿನ ಕಡ್ಡಿ. ಮಣಿಕಟ್ಟಿಲ್ಲ. ಊಟದ ಕಡ್ಡಿಯಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.

ಯಂತ್ರ ಬಂದದ್ದು ಇಲ್ಲಿಗೆ. ಅದರ ತೋಳಿನ ತುದಿಗೆ ಮಣಿಕಟ್ಟಿದೆ. ಸುಮಾರು ಎಂಟು ಮಿಲಿಮೀಟರ್ ದಪ್ಪದ ಸಲಕರಣೆ ಒಳಗೆ ಹೋಗಿ ನಮ್ಮ ಕೈಗಿಂತ ಹೆಚ್ಚಾಗಿ ತಿರುಗುತ್ತದೆ. ಡಾಕ್ಟರು ಅದೇ ಕೋಣೆಯಲ್ಲಿ ಕೆಲವು ಅಡಿ ದೂರದಲ್ಲಿ ಒಂದು ಪೆಟ್ಟಿಗೆಯಲ್ಲಿ ಕಣ್ಣಿಟ್ಟು ಕೂತಿರುತ್ತಾರೆ. ಒಳಗಿನದೆಲ್ಲ ಹತ್ತು ಪಟ್ಟು ದೊಡ್ಡದಾಗಿ, ಆಳ ಅಗಲ ಸಮೇತ ಕಾಣುತ್ತದೆ. ಅವರು ಬೆರಳು ಆಡಿಸಿದರೆ ಒಳಗಿನ ತುದಿ ಆಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಕೈ ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ತಾನಾಗಿ ಒಂದು ಎಳೆಯನ್ನೂ ಕೊಯ್ಯುವುದಿಲ್ಲ. ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಅರಿವಳಿಕೆ ಡಾಕ್ಟರು ಎರಡು ಕೊಳವೆಯ ನಳಿಕೆ ಹಾಕಿ ಒಂದೇ ಶ್ವಾಸಕೋಶದಲ್ಲಿ ಉಸಿರಾಡಿಸುತ್ತಾರೆ, ಆಪರೇಶನ್ ಆಗುವ ಕಡೆಯದು ಬಲೂನಿನ ಹಾಗೆ ಕುಗ್ಗಿರುತ್ತದೆ. ರಕ್ತನಾಳ, ಗಾಳಿನಾಳ ಒಂದೊಂದನ್ನೇ ಬಿಡಿಸಿ, ಪಿನ್ ಹೊಡೆದು ಮುಚ್ಚಿ, ಕತ್ತರಿಸಿ, ಹೋಳನ್ನು ಚೀಲಕ್ಕೆ ಹಾಕಿ ತೂತಿನಿಂದ ಎಳೆಯುತ್ತಾರೆ. ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರು ಕೈಗವಸು ಹಾಕಿಕೊಂಡು ರೋಗಿಯ ಹತ್ತಿರವೇ ನಿಂತಿರುತ್ತಾರೆ.

ಅದಕ್ಕೇ ನಾನು 'ಯಂತ್ರಮಾನವ' ಬೇಡ, 'ಯಂತ್ರತೋಳು' ಅನ್ನಿ ಅಂತೀನಿ. ಯಂತ್ರತೋಳಿನ ಆಪರೇಶನ್. ತೋಳು ಅಂದ ಕೂಡಲೇ ಅಜ್ಜಿಗೂ ಗೊತ್ತಾಗುತ್ತದೆ, ತೋಳಿಗೆ ಒಬ್ಬ ಯಜಮಾನ ಇರಬೇಕು ಅಂತ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ತನ್ನಿ, ಅದನ್ನೇ ಅಚ್ಚು ಹಾಕೋಣ.

ಅಮೆರಿಕದ ಇಂಟ್ಯೂಟಿವ್ ಸರ್ಜಿಕಲ್ ಕಂಪನಿಯ ಡಾ ವಿಂಚಿ ಯಂತ್ರಕ್ಕೆ ಆ ದೇಶದ ಅನುಮತಿ ಸಿಕ್ಕಿದ್ದು 2000ದಲ್ಲಿ. ಅದರಿಂದ ಶ್ವಾಸಕೋಶದ ಹೋಳು ತೆಗೆದ ಮೊದಲ ವರದಿಗಳು 2002ರಲ್ಲಿ ಇಟಲಿಯಿಂದ ಬಂದವು, ಫ್ರಾಂಕಾ ಮೆಲ್ಫಿ ಅನ್ನುವ ಡಾಕ್ಟರಮ್ಮ ಅದರಲ್ಲಿ ಮುಂದಾಳು. ಭಾರತದಲ್ಲೂ ಅದೇ ಹೊತ್ತಿಗೆ ದೆಹಲಿಯಲ್ಲಿ ಹೃದಯಕ್ಕೆ ಬಳಸಿದರು. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಇದು ಹಳೇ ಮಾತಾಯಿತು, ಸರಕಾರದ ಕಿದ್ವಾಯಿ ಸಂಸ್ಥೆಯಲ್ಲೂ ಈ ಯಂತ್ರ ಇದೆ. ಈಗ ನಮ್ಮ ದೇಶದವರೇ, ಗುರುಗ್ರಾಮದ ಎಸ್‌ಎಸ್ ಇನ್ನೊವೇಶನ್ಸ್ ಕಂಪನಿಯವರು 'ಮಂತ್ರ' ಅನ್ನುವ ಯಂತ್ರ ಮಾಡಿದ್ದಾರೆ. ಅದರ ಸ್ಥಾಪಕ ಸುಧೀರ್ ಶ್ರೀವಾಸ್ತವ ಸ್ವತಃ ಹೃದಯ ಮತ್ತು ಎದೆಯ ಸರ್ಜನ್.

ಹಾಗಾದರೆ ಇದು ಅಷ್ಟು ಒಳ್ಳೆಯದಾ? ಇಲ್ಲಿ ಜಾಹೀರಾತು ಒಂದು ಹೇಳುತ್ತದೆ, ವಿಜ್ಞಾನ ಇನ್ನೊಂದು ಹೇಳುತ್ತದೆ. ಎದೆ ಬಿಚ್ಚುವುದಕ್ಕಿಂತ ತೂತಿನ ಪದ್ಧತಿ ಮೇಲು ಅನ್ನುವುದು ಗಟ್ಟಿ ಮಾತು. ಬ್ರಿಟನ್ನಿನಲ್ಲಿ 9 ಆಸ್ಪತ್ರೆಗಳ 503 ರೋಗಿಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದರು. ಐದು ವಾರದ ನಂತರ ತೂತಿನವರು ಹೆಚ್ಚು ಚೆನ್ನಾಗಿ ಓಡಾಡಿಕೊಂಡಿದ್ದರು. ಆದರೆ ಮಾಮೂಲಿ ತೂತಿನ ಪದ್ಧತಿಗಿಂತ ಯಂತ್ರತೋಳು ಬಹಳ ಮೇಲು ಅಂತ ಅಷ್ಟೇ ಗಟ್ಟಿಯಾಗಿ ಯಾರೂ ಹೇಳುವಂತಿಲ್ಲ. ಗಂಟಲಿನ ಕೆಳಗಿನ ಥೈಮಸ್ ಗ್ರಂಥಿ ತೆಗೆಯುವಂಥ ಇಕ್ಕಟ್ಟಿನ ಕೆಲಸದಲ್ಲಿ ಅನುಕೂಲ ಕಾಣುತ್ತದೆ. ಉಳಿದ ಕಡೆ ನುರಿತ ಸರ್ಜನ್ ಕೈಯಲ್ಲಿ ಎರಡೂ ಹತ್ತಿರ ಹತ್ತಿರ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ 2019ರಲ್ಲಿ, ಸ್ತನ ತೆಗೆಯುವುದೂ ಸೇರಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ಯಂತ್ರಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಜಾಹೀರಾತಿನಲ್ಲಿ ಇದು ಇರುವುದಿಲ್ಲ ಬಿಡಿ. ನಾನೇ ಎಷ್ಟೋ ಜಾಹೀರಾತು ಅಚ್ಚು ಹಾಕಿದ್ದೇನೆ, ನನಗೆ ಗೊತ್ತಿಲ್ಲವೇ!

ದುಡ್ಡಿನ ವಿಷಯ. ಡಾ ವಿಂಚಿ ಯಂತ್ರದ ಬೆಲೆ ಹತ್ತು ಕೋಟಿ ದಾಟುತ್ತದೆ. ಅದು ಒಂದು ಸಲದ ಖರ್ಚು. ಪ್ರತಿ ವರ್ಷದ ನಿರ್ವಹಣೆ ಬೇರೆ. ತೋಳಿನ ತುದಿಯ ಸಲಕರಣೆಗೆ ಇಷ್ಟೇ ಸಲ ಬಳಸಬೇಕು ಅಂತ ಲೆಕ್ಕ ಉಂಟು. ಮೊದಲು ಹತ್ತು ಸಲ ಇತ್ತು, ಈಗ ಕೆಲವಕ್ಕೆ ಸ್ವಲ್ಪ ಹೆಚ್ಚಿಸಿದ್ದಾರೆ. ಲೆಕ್ಕ ಮುಗಿದರೆ ಸಲಕರಣೆ ಚೆನ್ನಾಗಿದ್ದರೂ ಯಂತ್ರ ಅದನ್ನು ಒಪ್ಪುವುದಿಲ್ಲ. ಪ್ರಿಂಟರಿನ ಇಂಕ್ ಕಾರ್ಟ್ರಿಜ್‌ಗೆ ಚಿಪ್ ಇಟ್ಟು ನಮ್ಮಂಥವರ ಕತ್ತು ಹಿಡಿದಿದ್ದಾರಲ್ಲ, ಅದೇ ವ್ಯಾಪಾರ. ಕಾರ್ಟ್ರಿಜ್ ದುಬಾರಿಯಾದರೆ ಮದುವೆ ಕಾರ್ಡಿಗೆ ಹತ್ತು ರೂಪಾಯಿ ಹೆಚ್ಚು. ಇಲ್ಲಿ ಹೆಚ್ಚಾಗುವುದು ರೋಗಿಯ ಹೊಲದ ಮೇಲಿನ ಸಾಲ.

ಈಗ ನಮ್ಮ ಮನೆಯ ಮಾತು ಹೇಳುತ್ತೇನೆ. ಹೆಸರು ಹೇಳುವುದಿಲ್ಲ, ಆಸ್ಪತ್ರೆಯದ್ದಂತೂ ಹೇಳುವುದೇ ಇಲ್ಲ. ನಮ್ಮ ಸೋದರಮಾವ ಕುರುಗೋಡು ಕಡೆಯ ರೈತ. ಮೂವತ್ತು ವರ್ಷ ಬೀಡಿ. ಕೆಮ್ಮು ಬಂತು, ಎಕ್ಸ್‌ರೇಯಲ್ಲಿ ಮಚ್ಚೆ ಕಾಣಿಸಿತು, ಕ್ಷಯ ಇರಬೇಕು ಅಂತ ತಿಂಗಳುಗಟ್ಟಲೆ ಗುಳಿಗೆ ನುಂಗಿದರು. ಕಡೆಗೆ ಸಿಟಿ ಸ್ಕ್ಯಾನು, ಸೂಜಿ ಪರೀಕ್ಷೆ ಆಗಿ ಗಡ್ಡೆ ಅಂತ ಗೊತ್ತಾಯಿತು. ಪುಣ್ಯಕ್ಕೆ ಹಬ್ಬಿರಲಿಲ್ಲ. ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಕರೆದುಕೊಂಡು ಹೋದೆವು.

ಅಲ್ಲಿ ಮಾವ ಡಾಕ್ಟರನ್ನು ಕೇಳಿದ: 'ಮಷಿನ್ನು ತಾನೇ ಕೊಯ್ತೈತೇನ್ರೀ ಸಾಹೇಬ್ರ?' ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ನಕ್ಕು ಭುಜ ತಟ್ಟಿದರು. ಮರುದಿನ ನರ್ಸು ಐದು ಪುಟದ ಕಾಗದ ತಂದು, ಇಲ್ಲಿ, ಇಲ್ಲಿ, ಇಲ್ಲಿ ಅಂತ ಪೆನ್ಸಿಲ್ ಗುರುತು ಹಾಕಿ ಕೊಟ್ಟಳು. ಐದೂ ಪುಟ ಇಂಗ್ಲಿಷು. ನಾಲ್ಕನೇ ಪುಟದಲ್ಲಿ ಒಂದು ಸಾಲು ಇತ್ತು: ಅಗತ್ಯ ಬಿದ್ದರೆ ಯಂತ್ರ ಬಿಟ್ಟು ಎದೆ ಬಿಚ್ಚಬೇಕಾಗಬಹುದು. ಅದನ್ನು ಯಾರೂ ಓದಿ ಹೇಳಲಿಲ್ಲ. ಮಾವ ಕನ್ನಡದಲ್ಲಿ ಸಹಿ ಹಾಕಿದ. ಆ ಐದು ಪುಟದಲ್ಲಿ ಕನ್ನಡ ಅಂತ ಇದ್ದದ್ದು ಅವನ ಸಹಿ ಒಂದೇ!

ಆಪರೇಶನ್ ಮುಗಿದ ಮೇಲೆ ನೋಡಿದರೆ ಪಕ್ಕೆಯ ಮೇಲೆ ಉದ್ದನೆ ಹೊಲಿಗೆ. ಅತ್ತೆ ಎದೆ ಬಡಿದುಕೊಂಡು ಅತ್ತಳು. 'ಮಷಿನ್ ಕೆಟ್ಟೈತೆ, ಮುಚ್ಚಿಡ್ತಾರ' ಅಂತ ಹುಡುಗರು ಜಗಳಕ್ಕೆ ನಿಂತರು. ಬಿಲ್ಲಿನಲ್ಲಿ ಯಂತ್ರದ ಬಾಬ್ತು ಬೇರೆ ಇತ್ತು, ಬೆಂಕಿಗೆ ತುಪ್ಪ. ಕೊನೆಗೆ ಬಾಗಲಕೋಟೆ ಕಡೆಯ ಒಬ್ಬ ಚಿಕ್ಕ ಡಾಕ್ಟರು ಬಂದು ಕನ್ನಡದಲ್ಲಿ ಕೂರಿಸಿ ಹೇಳಿದ. ಹಳೇ ಸೋಂಕಿನಿಂದ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡಿತ್ತು, ದೊಡ್ಡ ರಕ್ತನಾಳದ ಹತ್ತಿರ ಬಿಡಿಸುವಾಗ ಅಪಾಯ ಕಂಡಿತು, ಅದಕ್ಕೇ ದೊಡ್ಡ ಡಾಕ್ಟರು ಯಂತ್ರ ಸರಿಸಿ ಕೈಯಿಂದ ಮಾಡಿದರು. ಹಟ ಹಿಡಿದು ಯಂತ್ರದಲ್ಲೇ ಮುಂದುವರಿದಿದ್ದರೆ ನಿಮ್ಮ ಅಪ್ಪ ಮೇಜಿನ ಮೇಲೇ ಹೋಗುತ್ತಿದ್ದ, ಅಂದ. ಹತ್ತು ನಿಮಿಷದ ಮಾತು. ಜಗಳ ಅಲ್ಲಿಗೇ ನಿಂತಿತು. ಮಾವ ಈಗ ಊರಲ್ಲಿದ್ದಾನೆ, ಹೊಲಕ್ಕೆ ಹೋಗಿ ಬರುತ್ತಾನೆ.

ನೋಡಿ, ಡಾಕ್ಟರು ಮಾಡಿದ್ದು ಸರಿ. ಎದೆಯ ಸರ್ಜನ್‌ಗಳೆಲ್ಲ ಒಪ್ಪುವ ಮಾತು ಅದು, ಬಿಚ್ಚಬೇಕಾದಾಗ ಬಿಚ್ಚುವುದು ಸೋಲಲ್ಲ. ಸರಿ ಮಾಡಿದವರ ಮೇಲೆ ಕೈ ಎತ್ತುವ ಹೊತ್ತು ಬಂತಲ್ಲ, ಯಾಕೆ? ಆ ಹತ್ತು ನಿಮಿಷದ ಕನ್ನಡ ಸಹಿಗೆ ಮುಂಚೆ ಬರಬೇಕಿತ್ತು, ಹೊಲಿಗೆ ಹಾಕಿದ ಮೇಲೆ ಬಂತು.

ಇದನ್ನು ನಾನು ಕನ್ನಡ ಅಭಿಮಾನದ ಮಾತಾಗಿ ಹೇಳುತ್ತಿಲ್ಲ, ಕಾನೂನಿನ ಮಾತಾಗಿ ಹೇಳುತ್ತಿದ್ದೇನೆ. 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಅಪಾಯ ಏನು, ಬೇರೆ ದಾರಿ ಇದೆಯೇ, ಇಷ್ಟು ತಿಳಿದು ಕೊಟ್ಟರೆ ಮಾತ್ರ ಅದು ಒಪ್ಪಿಗೆ. ತಿಳಿಯದ ಭಾಷೆಯಲ್ಲಿ ಹಾಕಿಸಿಕೊಂಡ ಸಹಿ ಯಾವ ಲೆಕ್ಕ? ಆಸ್ಪತ್ರೆಗಳು ಗೋಡೆಗೆ ನೇತುಹಾಕುವ ಎನ್‌ಎಬಿಎಚ್ ಮಾನ್ಯತೆ ಪತ್ರ ಇದೆಯಲ್ಲ, ಅದರ ನಿಯಮವೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಿರಿ ಅನ್ನುತ್ತದೆ. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಬೇಕು ಅಂತ ಬೀದಿಗಿಳಿದೆವು, 2024ರಲ್ಲಿ ಕಾನೂನೂ ಬಂತು. ಬಾಗಿಲ ಮೇಲೆ 60 ಭಾಗ ಕನ್ನಡ, ಬಾಗಿಲ ಒಳಗೆ ಸೊನ್ನೆ!

ಒಂದು ಆಸ್ಪತ್ರೆಯವರು ನನಗೆ ಒಪ್ಪಿಗೆ ಪತ್ರ ಅಚ್ಚಿಗೆ ಕೊಟ್ಟಾಗ, ಕನ್ನಡದಲ್ಲೂ ಮಾಡಿಕೊಡಲೇ, ಜೋಡಣೆಗೆ ದುಡ್ಡು ಬೇಡ ಅಂದೆ. ಬಂದ ಉತ್ತರ: 'ಮೆಡಿಕಲ್ ಪದಕ್ಕೆ ಕನ್ನಡ ಎಲ್ಲಿದೆ ಸಾರ್?' ಅನುಪಮಾ ನಿರಂಜನ ಅವರು 'ತಾಯಿ ಮಗು' ಬರೆದು ಎಷ್ಟೋ ದಶಕ ಆಯಿತು. ಡಾ. ಡಿ.ಎಸ್. ಶಿವಪ್ಪನವರು ವೈದ್ಯಕೀಯ ಪದಗಳಿಗೇ ತಮ್ಮ ಆಯುಷ್ಯ ಕೊಟ್ಟರು. ಪಕ್ಕದಲ್ಲೇ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ. ಪದ ಇಲ್ಲದ್ದಲ್ಲ, ಕೇಳುವ ಮನಸ್ಸಿಲ್ಲ. ಇನ್ನೊಂದು ಮಾತು, ನಮ್ಮ ಗಡಿಯ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ತಾಯಂದಿರಿದ್ದಾರೆ, ಉರ್ದು ಆಡುವವರಿದ್ದಾರೆ. ಅವರಿಗೆ ಅವರ ಮಾತಿನಲ್ಲಿ ಓದಿ ಹೇಳಲಿ, ಬೇಡ ಅನ್ನುವವನು ನಾನಲ್ಲ. ಎದೆ ಕೊಯ್ಯುವ ಮುಂಚೆ ಮನುಷ್ಯನಿಗೆ ತಿಳಿಯಬೇಕು, ಅಷ್ಟೆ.

ಈಗ ಬಳ್ಳಾರಿಗೇ ಯಂತ್ರತೋಳು ಬೇಕು ಅಂತ ಮನವಿ ಕೊಡೋಣ ಅಂತ ಕೆಲವು ಗೆಳೆಯರು ಹೇಳಿದರು. 1953ರಲ್ಲಿ ಅಷ್ಟು ಹೋರಾಟ ಮಾಡಿ ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂದವು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆ ಲೆಕ್ಕದಲ್ಲಿ ಕನ್ನಡನಾಡಿನ ಸರಕಾರ ನಮಗೆ ಬಾಕಿ ಇರುವುದು ಬಹಳ. 371ಜೆ ಇದೆ, ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡಿದೆ. 1961ರಲ್ಲಿ ಶುರುವಾದ ನಮ್ಮ ವೈದ್ಯಕೀಯ ಕಾಲೇಜಿದೆ, ವಿಮ್ಸ್ ಅಂತಲೇ ಜನ ಕರೆಯುವುದು. ಕೇಳುವ ಹಕ್ಕು ನಮಗೆ ಖಂಡಿತ ಉಂಟು.

ಆದರೆ ಏನು ಕೇಳಬೇಕು ಅನ್ನುವುದರಲ್ಲಿ ನನ್ನದು ಬೇರೆ ಅಭಿಪ್ರಾಯ. ನಮ್ಮ ವೃತ್ತಿಯಲ್ಲಿ ನೋಡಿದ್ದೇನೆ, ಸಾಲ ಮಾಡಿ ನಾಲ್ಕು ಬಣ್ಣದ ಆಫ್‌ಸೆಟ್ ತಂದು ನಿಲ್ಲಿಸಿ, ಓಡಿಸುವ ಮಷಿನ್‌ಮನ್ ಇಲ್ಲದೆ ತಾಡಪಾಲು ಹೊದಿಸಿ ಇಟ್ಟವರನ್ನು. ಯಂತ್ರತೋಳಿನಲ್ಲಿ ಶ್ವಾಸಕೋಶದ ಹೋಳು ತೆಗೆಯುವ ಕೈ ಪಳಗಬೇಕಾದರೆ ಒಬ್ಬ ಸರ್ಜನ್‌ಗೆ ಇಪ್ಪತ್ತು ಮೂವತ್ತು ಕೇಸು ಬೇಕು ಅಂತಾರೆ. ಮೊದಲು ಎದೆಯದ್ದೇ ತರಬೇತಿಯ ಸರ್ಜನ್‌ಗಳು, ಅರಿವಳಿಕೆಯವರು, ನುರಿತ ನರ್ಸುಗಳು ಕಾಯಂ ಆಗಿ ಬೇಕು. ಕರೆಂಟು ಬೇಕು. 2022ರ ಸೆಪ್ಟೆಂಬರಿನಲ್ಲಿ ವಿಮ್ಸ್‌ನಲ್ಲಿ ಕರೆಂಟು ಹೋದ ಹೊತ್ತಿನಲ್ಲಿ ಐಸಿಯು ರೋಗಿಗಳು ತೀರಿಕೊಂಡದ್ದು ನಿಮಗೆ ನೆನಪಿರಬೇಕು. ಸಾವಿಗೆ ಕರೆಂಟೇ ಕಾರಣವೋ ಅಲ್ಲವೋ ಅಂತ ವಾದವಾಗಿ, ಸರಕಾರ ತನಿಖಾ ಸಮಿತಿ ಮಾಡಿತು. ವೆಂಟಿಲೇಟರಿಗೇ ಈ ಪ್ರಶ್ನೆ ಎದ್ದ ಕಡೆ ಹತ್ತು ಕೋಟಿಯ ಯಂತ್ರಕ್ಕೆ ಮೊದಲು ಜನರೇಟರ್ ಕೋಣೆ ನೋಡಿಕೊಂಡು ಬರಬೇಕು.

ಮತ್ತೆ ನಮ್ಮ ಜಿಲ್ಲೆಯ ಎದೆಯ ರೋಗ ಯಾವುದು? ಸಂಡೂರಿನ ಅದಿರು ದೂಳು, ತೋರಣಗಲ್ಲಿನ ಹೊಗೆ, ಸಿರುಗುಪ್ಪದ ಅಕ್ಕಿ ಗಿರಣಿಗಳ ತೌಡಿನ ದೂಳು, ಕಲ್ಲು ಒಡೆಯುವವರ ಪುಡಿ. ದೂಳಿನಿಂದ ಗಟ್ಟಿಯಾದ ಶ್ವಾಸಕೋಶಕ್ಕೆ ಯಾವ ತೋಳೂ ಏನೂ ಮಾಡಲಾರದು, ದೂಳು ನಿಲ್ಲಬೇಕು, ಮುಖಗವಸು ಕೊಡಬೇಕು. ಕ್ಷಯ ಇದೆ. ಬ್ರಿಟಿಷರ ಹೆಸರಿನ ವೆಲ್ಲೆಸ್ಲಿ ಕ್ಷಯರೋಗ ಆಸ್ಪತ್ರೆ ಬಳ್ಳಾರಿಯಲ್ಲಿದ್ದದ್ದು ಸುಮ್ಮನೆ ಅಲ್ಲ. ಕ್ಷಯದಿಂದ ಎದೆಯಲ್ಲಿ ಕೀವು ತುಂಬಿದವರಿಗೆ ಮಾಮೂಲಿ ತೂತಿನ ಆಪರೇಶನ್ ಬೇಗ ಸಿಕ್ಕರೆ ಎಷ್ಟೋ ಸಂಕಟ ತಪ್ಪುತ್ತದೆ, ಅದಕ್ಕೆ ರೋಬೋಟ್ ಬೇಕಿಲ್ಲ. ಇನ್ನು ಕ್ಯಾನ್ಸರ್. ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಹುಪಾಲು ಗೊತ್ತಾಗುವುದೇ ಹಬ್ಬಿದ ಮೇಲೆ, ಆಪರೇಶನ್ ಗಡುವು ದಾಟಿದ ಮೇಲೆ. ಕ್ಷಯ ಅಂತ ತಿಳಿದು ತಿಂಗಳು ಕಳೆಯುವುದು ಅದಕ್ಕೆ ಒಂದು ಕಾರಣ. ಗುಳಿಗೆ ಕೇಳದ ಮಚ್ಚೆಗೆ ಬೇಗ ಸಿಟಿ ಸ್ಕ್ಯಾನು, ಬೇಗ ಸೂಜಿ ಪರೀಕ್ಷೆ. ಸಿರುಗುಪ್ಪದ, ಕುರುಗೋಡಿನ ತಾಲೂಕು ಆಸ್ಪತ್ರೆಯಿಂದ ಬಳ್ಳಾರಿಗೆ ಹೋದವನಿಗೆ ಒಂದು ವಾರದೊಳಗೆ ಇವೆರಡು ಆಗಬೇಕು. ನಮ್ಮ ಮನವಿಯ ಮೊದಲ ಸಾಲು ಇದು. ಎರಡನೆಯದು, ಎದೆಯ ಶಸ್ತ್ರಚಿಕಿತ್ಸೆಗೆ ಕಾಯಂ ಸರ್ಜನ್‌ಗಳು ಮತ್ತು ತೂತಿನ ಪದ್ಧತಿ. ಯಂತ್ರತೋಳು ಆಮೇಲೆ, ಆದರೆ ಬಿಡುವುದಿಲ್ಲ. ಬೆಂಗಳೂರಿಗೆ ಇರುವುದು ಬಳ್ಳಾರಿಗೆ ಯಾಕಿಲ್ಲ ಅಂತ ಕೇಳಿಯೇ ತೀರಬೇಕು.

ಬೆಂಗಳೂರಿನ ಸರ್ಜನ್ ಅಲ್ಲೇ ಕೂತು ಇಲ್ಲಿನ ರೋಗಿಗೆ ಮಾಡಬಹುದಲ್ಲ ಅಂತ ಒಬ್ಬ ಹುಡುಗ ಆಗಲೇ ಕೇಳಿದ. ಆಗುತ್ತದೆ ತಮ್ಮಾ. 2001ರಲ್ಲಿ ಜಾಕ್ ಮರೆಸ್ಕೊ ಅನ್ನುವ ಸರ್ಜನ್ ನ್ಯೂಯಾರ್ಕಿನಲ್ಲಿ ಕೂತು ಫ್ರಾನ್ಸಿನ ರೋಗಿಯ ಪಿತ್ತಕೋಶ ತೆಗೆದರು. 2025ರ ಜನವರಿಯಲ್ಲಿ ಗುರುಗ್ರಾಮದಿಂದ 286 ಕಿಲೋಮೀಟರ್ ದೂರದ ಜೈಪುರದ ರೋಗಿಗೆ ಮಂತ್ರ ಯಂತ್ರದಲ್ಲೇ ಹೃದಯದ ಆಪರೇಶನ್ ಆಯಿತು. ನಮಗೂ ಬೆಂಗಳೂರಿಗೂ ಇರುವ ದೂರ ಹತ್ತಿರ ಹತ್ತಿರ ಅಷ್ಟೇ. ಆದರೆ ನಮ್ಮ ಮಾವನ ಕತೆ ನೆನೆಸಿಕೋ. ರಕ್ತನಾಳ ಹರಿದರೆ ನಿಮಿಷದಲ್ಲಿ ಎದೆ ಬಿಚ್ಚುವ ಕೈ ಮೇಜಿನ ಪಕ್ಕದಲ್ಲೇ ಇರಬೇಕು. ತಂತಿಯ ಮೇಲೆ ತೋಳು ಬರುತ್ತದೆ, ಆ ಕೈ ಬರುವುದಿಲ್ಲ.

ಸಿಗರೇಟು ಸೇದುವವರಿಗೆ ಒಂದು ಮಾತು, ಹಿಂದಿನ ಸಾಲಿನವರಿಗೂ ಕೇಳಲಿ. 1933ರಲ್ಲಿ ಅಮೆರಿಕದ ಎವಾರ್ಟ್ಸ್ ಗ್ರಹಾಂ ಕ್ಯಾನ್ಸರ್ ರೋಗಿಯೊಬ್ಬನ ಒಂದಿಡೀ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದು ಬದುಕಿಸಿದ, ಜಗತ್ತಿನಲ್ಲಿ ಮೊದಲು. ಆ ರೋಗಿ ಮೂವತ್ತು ವರ್ಷ ಬದುಕಿದ. ಸಿಗರೇಟಿಗೂ ಈ ಕ್ಯಾನ್ಸರಿಗೂ ನಂಟಿದೆ ಅಂತ 1950ರಲ್ಲಿ ಅಂಕಿ ಸಮೇತ ತೋರಿಸಿದವರಲ್ಲೂ ಗ್ರಹಾಂ ಒಬ್ಬ. ತಾನೇ ಸೇದುತ್ತಿದ್ದವನು, ಆಮೇಲೆ ಬಿಟ್ಟ. 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ಸತ್ತ. ಅವನ ರೋಗಿ ಇನ್ನೂ ಬದುಕಿದ್ದ.

ಯೋಜನೆಗಳ ಬಗ್ಗೆ ಚುಟುಕಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ದರದ ನೂರಕ್ಕೆ 30 ಭಾಗ. ಯಂತ್ರದ ಖರ್ಚು ಅದರ ಒಳಗೋ ಹೊರಗೋ ಅನ್ನುವುದನ್ನು ಭರ್ತಿ ಆಗುವ ಮುಂಚೆಯೇ ಬರಹದಲ್ಲಿ ಪಡೆಯಿರಿ. ಸ್ವಂತ ವಿಮೆ ಇದ್ದವರಿಗೆ, ರೋಬೋಟ್ ಚಿಕಿತ್ಸೆಯನ್ನು ವಿಮೆಯಿಂದ ಪೂರ್ತಿ ಹೊರಗಿಡಬಾರದು ಅಂತ ವಿಮಾ ಪ್ರಾಧಿಕಾರ 2019ರಲ್ಲೇ ನಿಯಮ ಮಾಡಿದೆ. ಇಷ್ಟೇ ಕೊಡುತ್ತೇವೆ ಅಂತ ಮಿತಿ ಹಾಕಬಹುದು, ಆ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಣ್ಣ ಅಕ್ಷರ ಯಾಕೆ ಹಾಕಿಸುತ್ತಾರೆ ಅಂತ ಪ್ರೆಸ್ಸಿನವನನ್ನು ಕೇಳಿ!

ನಾನು ಒಂದು ಹಾಳೆ ಅಚ್ಚು ಹಾಕಿಸಿ ತಂದಿದ್ದೇನೆ, ಬಾಗಿಲ ಹತ್ತಿರ ಕಟ್ಟು ಇದೆ. ಎದೆಯ ಆಪರೇಶನ್‌ಗೆ ಸಹಿ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆಗಳು, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಯಂತ್ರತೋಳು ನನಗೆ ಯಾಕೆ ಬೇಕು, ಮಾಮೂಲಿ ತೂತಿನಲ್ಲಿ ಆಗುವುದಿಲ್ಲವೇ? ನೀವು ಇಂಥವು ಎಷ್ಟು ಮಾಡಿದ್ದೀರಿ? ಎದೆ ಬಿಚ್ಚಬೇಕಾಗಿ ಬಂದರೆ ಯಾರು ಬಿಚ್ಚುತ್ತಾರೆ? ಯಂತ್ರ ಅರ್ಧಕ್ಕೆ ಬಿಟ್ಟರೆ ಅದರ ಬಾಬ್ತು ಪೂರ್ತಿ ಹಾಕುತ್ತೀರಾ? ಈ ಕಾಗದ ಕನ್ನಡದಲ್ಲಿ ಇದೆಯೇ, ಇಲ್ಲದಿದ್ದರೆ ಓದಿ ಹೇಳುವವರು ಯಾರು, ಅವರ ಸಹಿ ಎಲ್ಲಿ? ಕೊನೆಯ ಈ ಪ್ರಶ್ನೆಯನ್ನು ಮಾತ್ರ ಗಟ್ಟಿಯಾಗಿ ಕೇಳಿ. ಹಿಂಬದಿ ಖಾಲಿ ಬಿಟ್ಟಿದ್ದೇನೆ, ಡಾಕ್ಟರು ಹೇಳಿದ ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಸಿರುಗುಪ್ಪಕ್ಕೆ ಐನೂರು ತಂದಿದ್ದೇನೆ. ತೆಕ್ಕಲಕೋಟೆಯವರು, ಕುರುಗೋಡಿನವರು ಇದ್ದರೆ ನೂರು ನೂರು ಹೆಚ್ಚು ಒಯ್ಯಿರಿ, ದುಡ್ಡು ಬೇಡ. ಬಸ್ ನಿಲ್ದಾಣದ ಔಷಧಿ ಅಂಗಡಿಗಳಲ್ಲಿ ಇಟ್ಟರೆ ಸಾಕು.